ನೋಡುತ್ತಿರುವವರು ಇಬ್ಬರು

ಕಾದಿರಿಸಿದ ಪುಸ್ತಕಗಳ ಕಪಾಟಿನಲ್ಲಿ, ಎರಡನೇ ಸಾಲಿನಲ್ಲಿ, ಒಂಬತ್ತನೇ ಸಂಪುಟ ನಿಂತಿತ್ತು. ಬೆಳಿಗ್ಗೆ ಹತ್ತಕ್ಕೆ ಶಾಖೆಯ ಬಾಗಿಲು ತೆರೆದಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ.

ಗುರುತಮ್ಮ ಓದುವ ಮೇಜಿನ ತುದಿಯಲ್ಲಿ ಕುಳಿತು, ಪತ್ರಿಕೆ ಬಿಡಿಸಿಕೊಂಡು, ಮೈಯೆಲ್ಲ ಕಣ್ಣಾಗಿ ಅದನ್ನೇ ಕಾಯುತ್ತಿದ್ದಳು. ಪತ್ರಿಕೆ ನಿನ್ನೆಯದು ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ಎದ್ದು ಬದಲಾಯಿಸಿದರೆ ಜಾಗ ಹೋಗುತ್ತಿತ್ತು.

ಮೂವತ್ತೊಂದು ವರ್ಷ ಅವಳು ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಬಿಟ್ಟ ಸಾಮಾನುಗಳ ಕಚೇರಿಯಲ್ಲಿ ಕೆಲಸ ಮಾಡಿದ್ದಳು. ಕೊಡೆ ಕೇಳಿ ಬಂದವರಿಗೂ, ಪೆಟ್ಟಿಗೆ ಕೇಳಿ ಬಂದವರಿಗೂ, ಒಮ್ಮೆ ಹಲ್ಲಿನ ಸೆಟ್ಟು ಕೇಳಿ ಬಂದವರಿಗೂ ಅವಳದು ಒಂದೇ ಮಾತು: "ಗುರುತು ಹೇಳಿ." ಹೆಸರು ಹಾಗೆ ಅಂಟಿಕೊಂಡಿತು. ನಿವೃತ್ತಿಯಾದ ಮೇಲೂ ಜನ ಅದು ಹುಡುಕಿಕೊಡಿ ಇದು ಹುಡುಕಿಕೊಡಿ ಎಂದು ಬೆನ್ನು ಬಿಡಲಿಲ್ಲ. ಈ ಸಲ ಬಂದವಳು ಒಡಹುಟ್ಟಿದ ತಂಗಿ, ಊರಿನ ಸಾರ್ವಜನಿಕ ಗ್ರಂಥಾಲಯಗಳ ಮುಖ್ಯಸ್ಥೆ. ಹುಡುಕಬೇಕಾಗಿದ್ದದ್ದು ಒಂದು ಚೀಟಿ ಬರೆದವರನ್ನು.

ಚೀಟಿ ಸಿಕ್ಕಿದ್ದು ಹೊಲಿಗೆ ಟೀಚರಿಗೆ. ಹನ್ನೊಂದು ತಿಂಗಳ ಹಿಂದೆ ಮುರಿದ ಮಣಿಕಟ್ಟು ಹಿಡಿದುಕೊಂಡು ಗಂಡನ ಮನೆಯಿಂದ ಹೊರಬಿದ್ದ ಹೆಂಗಸು. ವಿಳಾಸ ಯಾರಿಗೂ ಕೊಟ್ಟಿರಲಿಲ್ಲ. ಹಳೆಯ ಗೆಳತಿಯರನ್ನು ಬಿಟ್ಟಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಬಿಡಲಾಗದೆ ಉಳಿದದ್ದು ಹನ್ನೆರಡು ಸಂಪುಟಗಳ ಒಂದು ಹಳೆಯ ಕಾದಂಬರಿ ಮಾತ್ರ. ಊರಿನ ಗ್ರಂಥಾಲಯಗಳಿಗೆಲ್ಲ ಸೇರಿ ಅದರ ಪ್ರತಿ ಒಂದೇ, ಓದುವವಳೂ ಅವಳೊಬ್ಬಳೇ. ಆರನೇ ಸಂಪುಟ, ಏಳನೇದು, ಎಂಟನೇದು, ಪ್ರತಿ ಸಲವೂ ಬೇರೆ ಶಾಖೆಯಿಂದ ತಂದದ್ದು, ಪ್ರತಿಯೊಂದರೊಳಗೂ ಒಂದು ಚೀಟಿ: "ಇನ್ನು ಈ ಶಾಖೆಗೆ ಬರಬೇಡ." ಅವಳು ಪುಸ್ತಕ ಕೈಗೆ ತೆಗೆದುಕೊಳ್ಳುವ ಮೊದಲೇ ಚೀಟಿ ಅಲ್ಲಿರುತ್ತಿತ್ತು.

ಇನ್ನೊಂದು ಚೀಟಿ ಸಿಕ್ಕರೆ ಊರನ್ನೇ ಬಿಡುತ್ತೇನೆ ಎಂದು ಅವಳು ಹೇಳಿದ್ದಳು. ಹೋಗಲು ಅವಳಿಗೆ ಬೇರೆ ಜಾಗ ಇರಲಿಲ್ಲ.

"ಅವನೇ ಅಕ್ಕ. ಗಂಡನೇ. ಹೆದರಿಸ್ತಿದ್ದಾನೆ," ಎಂದಿದ್ದಳು ತಂಗಿ.

"ಹುಡುಕೋನು ಬರಬೇಡ ಅಂತ ಯಾಕೆ ಬರೀತಾನೆ? ಬರಲಿ ಅಂತ ಬಾಯಿ ಮುಚ್ಕೊಂಡು ಕಾಯ್ತಾನೆ," ಎಂದಿದ್ದಳು ಗುರುತಮ್ಮ.

ಮೊದಲೇ ಜಾಗ ಹೇಗೆ ಗೊತ್ತಾಗುತ್ತಿತ್ತು ಎಂಬುದು ಮಾತ್ರ ಮೊನ್ನೆ ಬಯಲಾಗಿತ್ತು. ತಂಗಿಗೆ ಆ ಉತ್ತರ ನುಂಗಲಾರದ ತುತ್ತು. ಆರು ತಿಂಗಳ ಹಿಂದೆ ಅವಳು ಹಟ ಹಿಡಿದು ಗ್ರಂಥಾಲಯದ ಡೇಟಾವನ್ನು ಸಾಫ್ಟ್‌ವೇರ್ ಬರೆಯುವವರಿಗೆಲ್ಲ ತೆರೆದಿಟ್ಟಿದ್ದಳು. ಯಾವ ಪುಸ್ತಕ ಯಾವ ಶಾಖೆಯಲ್ಲಿದೆ, ಯಾವಾಗ ಹೋಯಿತು, ಯಾವಾಗ ಬಂತು ಎಂದು ಯಾರ ಪ್ರೋಗ್ರಾಮ್ ಕೇಳಿದರೂ ಗ್ರಂಥಾಲಯದ ಕಂಪ್ಯೂಟರ್ ಆ ಕ್ಷಣವೇ ಉತ್ತರ ಕೊಡುತ್ತಿತ್ತು. ಓದುಗರ ಹೆಸರಿಲ್ಲ, ಕಾರ್ಡಿನ ನಂಬರಿಲ್ಲ. ಎಲ್ಲ ಅಳಿಸಿ, ಮೂರು ಸಲ ಪರೀಕ್ಷಿಸಿಯೇ ಕೊಟ್ಟಿದ್ದಳು. ಆದರೆ ಒಂದೇ ಪ್ರತಿ, ಒಬ್ಬಳೇ ಓದುವವಳು. ಪುಸ್ತಕ ಎಲ್ಲಿಗೆ ಹೋಗುತ್ತದೋ ಅವಳೂ ಅಲ್ಲಿಗೆ ಬರುತ್ತಾಳೆ. ಅವಳು ಏನು ಓದುತ್ತಾಳೆ ಎಂದು ಬಲ್ಲವರಿಗೆ ಹೆಸರು ಬೇಕಾಗಿರಲಿಲ್ಲ.

ಸಾಲದ್ದಕ್ಕೆ ಸರದಿಯಣ್ಣ ಇದ್ದ. ಶಾಖೆಯಿಂದ ಶಾಖೆಗೆ ಪುಸ್ತಕ ಕಳಿಸುವ ಹಳೆಯ ನೌಕರ. ಯಾರಾದರೂ ಸಂಪುಟದಿಂದ ಸಂಪುಟಕ್ಕೆ ಓದುತ್ತಿದ್ದರೆ, ಅವರು ಕೇಳುವ ಮೊದಲೇ ಮುಂದಿನದನ್ನು ಅವರಿಗೆ ಆಗ ಅನುಕೂಲವಾದ ಶಾಖೆಗೆ ಕಳಿಸಿ, ಕಂಪ್ಯೂಟರಿನಲ್ಲಿ "ಕಾದಿರಿಸಿದೆ" ಎಂದು ದಾಖಲಿಸುವುದು ಅವನ ಇಪ್ಪತ್ತೆರಡು ವರ್ಷದ ಪದ್ಧತಿ. ಕಥೆ ಅರ್ಧಕ್ಕೆ ನಿಂತವರ ಮುಖ ತನಗೆ ನೋಡಲಾಗುವುದಿಲ್ಲ ಎನ್ನುತ್ತಿದ್ದ. ಅವನ ಒಳ್ಳೆಯತನದಿಂದಾಗಿ ಟೀಚರ್ ನಾಳೆ ಎಲ್ಲಿಗೆ ಬರುತ್ತಾಳೆ ಎಂಬುದೂ ಲೋಕಕ್ಕೆಲ್ಲ ತೆರೆದಿತ್ತು.

ಗುರುತಮ್ಮ ಅದೇ ದಾರಿಯಲ್ಲಿ ಒಂದು ಸುಳ್ಳನ್ನು ಹೊರಗೆ ಕಳಿಸಿದಳು. ಒಂಬತ್ತನೇ ಸಂಪುಟ ಕಾಲುವೆ ಬದಿಯ ಈ ಶಾಖೆಗೆ ಬಂದಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ನಿಜವಾದ ಒಂಬತ್ತು ಗುರುತಮ್ಮನ ಮನೆಯಲ್ಲೇ ಇತ್ತು, ಹಿಂದಿನ ಕೋಣೆಯಲ್ಲಿ, ನಾಲ್ಕು ದಿನದಿಂದ ಅಲ್ಲಿ ಅಡಗಿರುವ ಹೊಲಿಗೆ ಟೀಚರಿನ ಕೈಯಲ್ಲಿ. ಸರದಿಯಣ್ಣನೇ ಬಟ್ಟೆ ಚೀಲದಲ್ಲಿಟ್ಟು ತಂದುಕೊಟ್ಟಿದ್ದ. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಅವನಿಗೆ ಎರಡೆರಡು ಸಲ ಹೇಳಲಾಗಿತ್ತು. ಕಪಾಟಿನಲ್ಲಿ ನಿಂತದ್ದು ಒಂಬತ್ತರ ಹೊದಿಕೆ ತೊಟ್ಟ ಜೇನು ಸಾಕಣೆಯ ಪುಸ್ತಕ.

ಹತ್ತೂ ಇಪ್ಪತ್ತಕ್ಕೆ ಗಡ್ಡದವನೊಬ್ಬ ಲ್ಯಾಪ್‌ಟಾಪ್ ಹಿಡಿದು ಒಳಗೆ ಬಂದ. ಸುತ್ತ ನೋಡಿದ. ನೆಟ್ಟಗೆ ಆ ಕಪಾಟಿನ ಹತ್ತಿರ ಹೋಗಿ, ಬಗ್ಗಿ, ಕೈ ಚಾಚಿದ.

ಗುರುತಮ್ಮ ಕುರ್ಚಿಯಿಂದ ಅರ್ಧ ಎದ್ದಳು.

ಗಡ್ಡದವನು ಕಪಾಟಿನ ಕೆಳಗಿದ್ದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ, ಅಲ್ಲೇ ಸ್ಟೂಲ್ ಎಳೆದುಕೊಂಡು ಕುಳಿತ. ಆಮೇಲೆ ಪುಸ್ತಕಗಳ ಕಡೆ ತಿರುಗಿಯೂ ನೋಡಲಿಲ್ಲ. ಗುರುತಮ್ಮ ಮತ್ತೆ ಕುಳಿತು ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಕಿಟಕಿಯಾಚೆ, ರಸ್ತೆಯ ಎದುರು ಬದಿಯಲ್ಲಿ, ಇಸ್ತ್ರಿ ಅಂಗಡಿಯ ಮುಂದೆ ಬೂದು ಬಣ್ಣದ ವ್ಯಾನೊಂದು ನಿಂತಿತ್ತು. ಒಂದು ಕಡೆಯ ದೀಪದ ಒಡೆದ ಗಾಜಿಗೆ ಟೇಪು ಹಚ್ಚಿತ್ತು. ಒಳಗೆ ಕುಳಿತವನು ತಲೆ ತಗ್ಗಿಸಿ ಫೋನು ನೋಡುತ್ತಿದ್ದ. ಬಟ್ಟೆಯ ಗಂಟು ಒಯ್ಯಲು ಬಂದವನಿರಬೇಕು ಎಂದುಕೊಂಡಳು. ಆದರೂ ಗಂಟು ಹೊರಗೆ ಬರದೆ ಇಪ್ಪತ್ತು ನಿಮಿಷವಾಗಿತ್ತು, ಅದನ್ನೂ ತಲೆಯ ಒಂದು ಮೂಲೆಯಲ್ಲಿ ಇಟ್ಟುಕೊಂಡಳು.

ಹತ್ತೂವರೆ ದಾಟುತ್ತಿದ್ದಂತೆ ಒಬ್ಬ ಮುದುಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ತೋಳಿನ ಗುಂಡಿ ಕೊನೆಯವರೆಗೂ ಹಾಕಿತ್ತು. ಬಲಗೈ ಜೇಬಿನೊಳಗೆ. ಎಡಗೈಯಲ್ಲೇ ಬಾಗಿಲು ತಳ್ಳಿ, ಎಡಗೈಯಲ್ಲೇ ಕುರ್ಚಿ ಎಳೆದು, ಉಸ್ಸೆಂದು ಕುಳಿತರು. ಮುಂದೆ ಇದ್ದದ್ದು ಮಕ್ಕಳ ಬಣ್ಣದ ಪುಸ್ತಕ, ಅದನ್ನೇ ತೆರೆದಿಟ್ಟುಕೊಂಡರು. ಪುಟ ತಿರುಗಿಸಲಿಲ್ಲ.

ಹತ್ತೂ ನಲವತ್ತಕ್ಕೆ ಅವರ ಜೇಬಿನಲ್ಲಿ ಫೋನು ಗುಂಯ್ ಎಂದಿತು. ತೆಗೆದು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ ಕೈಬಿಟ್ಟು ಮತ್ತೆ ಜೇಬಿಗೆ ಹಾಕಿಕೊಂಡರು.

ಹೊರಗೆ ವ್ಯಾನು ಸ್ಟಾರ್ಟ್ ಆಯಿತು. ಗಂಟಿಲ್ಲದೆಯೇ ಹೊರಟುಹೋಯಿತು.

ಸದ್ಯ, ಒಂದು ತಲೆನೋವು ಕಡಿಮೆಯಾಯಿತು ಎಂದುಕೊಂಡಳು ಗುರುತಮ್ಮ.

ಕೌಂಟರಿನ ಗುಮಾಸ್ತೆ ಏನೋ ತರಲು ಒಳಕೋಣೆಗೆ ಹೋದಳು. ಮುದುಕರು ಎದ್ದರು. ಕಪಾಟಿನ ಮುಂದೆ ನಿಂತು, ಪುಸ್ತಕಗಳ ಬೆನ್ನನ್ನು ಎಡಗೈ ಬೆರಳಿನಿಂದ ಒಂದೊಂದಾಗಿ ಸವರುತ್ತ ಹೋಗಿ, ಒಂಬತ್ತನ್ನು ಹೊರಗೆಳೆದರು. ಅಂಗಿ ಜೇಬಿನಿಂದ ಮಡಿಸಿದ ಕಾಗದ ತೆಗೆದು ಒಳಗೆ ತುರುಕಿದರು. ಪುಸ್ತಕವನ್ನು ಮರಳಿ ಇಡಲು ಹೋದವರು ತಡೆದು ನಿಂತರು. ಅಂಗೈಯಲ್ಲಿಟ್ಟು ತೂಗಿ ನೋಡಿದರು. ಹೆಬ್ಬೆರಳಿನಿಂದ ದಪ್ಪ ಅಳೆದರು.

"ಇದು ಅದಲ್ಲ," ಎಂದರು, ತಮಗೆ ತಾವೇ.

"ಹೌದು, ಅದಲ್ಲ," ಎಂದಳು ಗುರುತಮ್ಮ, ಅವರ ಮಗ್ಗುಲಲ್ಲೇ ನಿಂತು. "ಹೇಗೆ ಗೊತ್ತಾಯ್ತು?"

ಮುದುಕರು ಬೆಚ್ಚಿದರು. ಬಲಗೈ ಜೇಬಿನಿಂದ ಹೊರಬಂತು. ಅದು ಮೊಣಕೈಯಿಂದ ಬೆರಳ ತುದಿಯವರೆಗೆ ಗಡಗಡ ನಡುಗುತ್ತಿತ್ತು. ಕಿರುಬೆರಳಿನ ಅಂಚಿಗೆ ಪೆನ್ಸಿಲಿನ ಕಪ್ಪು ಮೆತ್ತಿತ್ತು.

ಗುರುತಮ್ಮ ಪುಸ್ತಕ ತೆಗೆದುಕೊಂಡು ಚೀಟಿ ಬಿಡಿಸಿದಳು. ಅದೇ ದುಂಡನೆಯ, ಒಂದರ ಹಾಗೆ ಒಂದಿರುವ ಅಕ್ಷರ. ಮಕ್ಕಳು ಅಕ್ಷರ ತಿದ್ದುವ, ತೂತು ಕೊರೆದ ಹಲಗೆಯ ಮೇಲೆ ಪೆನ್ಸಿಲ್ ಆಡಿಸಿ ಬರೆದದ್ದು. ಮಾತು ಮಾತ್ರ ಈ ಸಲ ಬೇರೆ ಇತ್ತು.

"ಒಂಬತ್ತಕ್ಕೆ ನಿಲ್ಲಿಸು. ಹತ್ತನೇದನ್ನು ಕೇಳಬೇಡ."

"ಇದು ನಿಮ್ಮದಾ?"

"ಅಲ್ಲ. ನಾನು ಪುಸ್ತಕ ತಗೊಳ್ಳೋಕೆ ಬಂದೆ, ಅಷ್ಟೆ."

"ಗುರುತು ಹೇಳಿ."

"ಏನು?"

"ಪುಸ್ತಕ ನಿಮಗೆ ಬೇಕಾಗಿದ್ರೆ ಅದರ ಗುರುತು ಹೇಳಿ. ಎಂಥ ಪುಸ್ತಕ ಅದು?"

ಸುಳ್ಳು ಹೇಳುವವರು ಇಂಥ ಹೊತ್ತಿನಲ್ಲಿ ಪಟಪಟನೆ ಹೇಳುತ್ತಾರೆ. ಬಣ್ಣ, ಅಳತೆ, ಕಂಪನಿ, ಎಲ್ಲ ಬಾಯಿಪಾಠ. ನಿಜವಾಗಿ ಕಳೆದುಕೊಂಡವರು ತಡವರಿಸಿ, ಯಾರಿಗೂ ಬೇಡದ ಯಾವುದೋ ಒಂದು ವಿಷಯ ಹೇಳುತ್ತಾರೆ. ಮೂವತ್ತೊಂದು ವರ್ಷದಲ್ಲಿ ಗುರುತಮ್ಮ ಕಲಿತದ್ದು ಇಷ್ಟೇ, ಅದು ಕೈಕೊಟ್ಟದ್ದೂ ಕಡಿಮೆ.

ಮುದುಕರು ಎಡಗೈಯ ಎರಡು ಬೆರಳ ನಡುವೆ ಇಲ್ಲದ ಪುಸ್ತಕದ ದಪ್ಪ ಹಿಡಿದು ನೋಡಿದರು.

"ಹನ್ನೆರಡರಲ್ಲಿ ಒಂಬತ್ತೇ ತೆಳು," ಎಂದರು ಕೊನೆಗೆ. "ಅದರಲ್ಲಿ ಅಜ್ಜಿ ಸಾಯ್ತಾಳೆ. ಆಮೇಲೆ ಆ ಮನೇಲಿ ಯಾರಿಗೂ ಮಾತೇ ಬರಲ್ಲ. ಅದಕ್ಕೇ ಪುಟ ಕಡಿಮೆ ಅಂತ ನಾನು ಅಂದ್ಕೊಂಡಿದ್ದೆ. ಕಣ್ಣು ಚೆನ್ನಾಗಿದ್ದಾಗ ಎಲ್ಲಾ ಓದಿದ್ದೆ ತಾಯಿ."

"ಕಣ್ಣು ಕೆಟ್ಟ ಮೇಲೆ?"

"ಸೊಸೆ ಓದಿ ಹೇಳ್ತಿದ್ಲು. ಮಧ್ಯಾಹ್ನ ಹೊಲಿಗೆ ಕ್ಲಾಸ್ ಮುಗಿಸ್ಕೊಂಡು ಬಂದು. ಕೊನೆ ಏನಾಗುತ್ತೆ ಅಂತ ಮಾತ್ರ ಹೇಳಬೇಡಿ ಮಾವ, ನಿಮ್ಮ ಬಾಯಿ ನಿಲ್ಲಲ್ಲ ಅಂತ ಬೈತಿದ್ಲು. ಐದನೇದರ ಮಧ್ಯದಲ್ಲಿದ್ವಿ. ಅವತ್ತು ಅವನು ಕೈ ಮುರಿದ."

ಗುರುತಮ್ಮ ಅವರ ತೋಳು ಹಿಡಿದು ಕುರ್ಚಿಗೆ ಕರೆತಂದಳು. ಗಡ್ಡದವನು ತಲೆ ಎತ್ತಿ ನೋಡಿ, ತನಗೆ ಸಂಬಂಧಿಸಿದ್ದಲ್ಲ ಎಂದು ಮತ್ತೆ ಪರದೆಗೆ ಮುಖ ಹಾಕಿದ.

"ನಿಮ್ಮ ಮಗ?"

"ಒಬ್ಬನೇ ಮಗ." ಮುದುಕರು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದರು. "ಅವಳು ಕೂಗಿದಾಗ ನಾನು ಪಕ್ಕದ ಕೋಣೇಲಿದ್ದೆ. ಎದ್ದು ಹೋಗ್ಲಿಲ್ಲ. ಈ ನಡುಕ ಶುರುವಾಗಿದ್ದು ಆಮೇಲೆ. ಅವಳಿಗೆ ಇದು ಗೊತ್ತಿಲ್ಲ. ನನ್ನ ಕೈಬರಹ ಗೊತ್ತು, ನಡುಕ ಗೊತ್ತಿಲ್ಲ. ಈಗ ಆ ತೂತಿನ ಹಲಗೆ ಇಲ್ಲದೆ ನನಗೆ ಬರೆಯೋಕಾಗಲ್ಲ."

ಗುರುತಮ್ಮನಿಗೆ ಅವರ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಕನಿಕರವೂ ಬಂತು. ಎರಡನ್ನೂ ಆಮೇಲೆ ನೋಡಿಕೊಂಡರಾಯಿತು ಎಂದು ಬದಿಗಿಟ್ಟಳು.

"ಪುಸ್ತಕ ಎಲ್ಲಿದೆ ಅಂತ ನಿಮಗೆ ಯಾರು ಹೇಳ್ತಿದ್ರು?"

"ಇದೇ." ಫೋನು ತೆಗೆದರು. "ಯಾರೋ ಪುಣ್ಯಾತ್ಮ ಆ್ಯಪ್ ಮಾಡಿದ್ದಾನೆ. ಲೈಬ್ರರೀಲಿ ಯಾವ ಪುಸ್ತಕದ ಮುಂದಿನ ಸಂಪುಟ ಎಲ್ಲಿಗೆ ಬಂತು ಅಂತ ಹೇಳುತ್ತೆ. ನಾವು ಒಂದು ಪುಸ್ತಕ ಗುರುತು ಹಾಕಿಟ್ರೆ ಸಾಕು, ಅದೇ ತಿಳಿಸುತ್ತೆ. ಮನೇಲಿ ಭೂತಗನ್ನಡಿ ಹಿಡ್ಕೊಂಡು ನೋಡ್ತೀನಿ. ಒಂದು ದಿನ ನೋಡಿದ್ರೆ, ಐದನೇದು ಹೊರಗೆ ಹೋಗಿದೆ. ನಮ್ಮಿಬ್ಬರನ್ನ ಬಿಟ್ರೆ ಇಷ್ಟು ವರ್ಷ ಯಾರೂ ಮುಟ್ಟದೆ ಇದ್ದ ಪುಸ್ತಕ. ಅವಳೇ ಅಂತ ಗೊತ್ತಾಯ್ತು. ಬದುಕಿದ್ದಾಳೆ, ಐದನೇದು ಓದ್ತಿದ್ದಾಳೆ. ಆ ದಿನ ನಾನು ಎರಡು ಸಲ ಊಟ ಮಾಡ್ದೆ."

"ಅಷ್ಟೇ ಆಗಿದ್ರೆ ಚೀಟಿ ಯಾಕೆ?"

"ಆ ಪುಸ್ತಕದ ಕೆಳಗೆ ಸಣ್ಣದಾಗಿ ಒಂದು ಸಾಲು ಇರುತ್ತೆ. ನೋಡುತ್ತಿರುವವರು ಎಷ್ಟು ಜನ ಅಂತ. ಮೊದಲಿಂದಲೂ ಒಬ್ಬರು ಅಂತಿತ್ತು, ಅದು ನಾನೇ. ಆರನೇದು ಬಂದ ದಿನ ನೋಡಿದ್ರೆ ಇಬ್ಬರು."

ಗುರುತಮ್ಮನ ಕೈಯಲ್ಲಿ ಚೀಟಿ ಹಾಗೇ ಉಳಿಯಿತು.

"ನಾನು ದಿನಾ ಫೋನ್ ಹಿಡ್ಕೊಂಡು ಏನು ನೋಡ್ತೀನಿ ಅಂತ ಅವನು ಒಂದ್ಸಲ ಕೇಳಿದ್ದ. ಪುಸ್ತಕ ಅಂದೆ. ಯಾವ ಪುಸ್ತಕ ಅಂದ. ಹೇಳ್ದೆ. ಬಾಯಿ ತಪ್ಪಿ ಹೇಳ್ಬಿಟ್ಟೆ ತಾಯಿ. ಅವಳ ಬಾಯಿಂದ ಆ ಕಥೆ ಅವನೂ ಕೇಳಿಸ್ಕೊಂಡಿದ್ದ, ಮನೆಯೊಳಗೆ ಕೇಳದೆ ಇರುತ್ತಾ? ದಾರಿ ತೋರಿಸಿದವನು ನಾನೇ."

"ಅದಕ್ಕೆ ಮಗನಿಗಿಂತ ಮೊದಲು ಹೋಗಿ ಚೀಟಿ ಇಡ್ತಿದ್ರಿ."

"ಶಾಖೆ ಬದಲಾಯಿಸಿದ್ರೆ ತಪ್ಪಿಸ್ಕೋತಾಳೆ ಅಂದ್ಕೊಂಡೆ. ಎಲ್ಲಿಗೆ ಹೋದ್ರೂ ಪುಸ್ತಕ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗ್ತಿತ್ತು. ಎರಡು ಸಲ ಅವನು ಹೋಗಿ ತಲುಪೋ ಹೊತ್ತಿಗೆ ಅವಳು ಹೋಗಿಯಾಗಿತ್ತು. ಮೂರನೇ ಸಲ ಬಾಗಿಲಲ್ಲಿ ಬೆನ್ನು ಕಂಡಿತಂತೆ. ಮನೆಗೆ ಬಂದು ನಗ್ತಾ ಹೇಳ್ದ. ಅದಕ್ಕೇ ಈ ಸಲ ಓದೋದನ್ನೇ ನಿಲ್ಲಿಸು ಅಂತ ಬರೆದೆ. ಅದನ್ನ ಬರೆಯೋವಾಗ ನನಗೆ ಅಳು ಬಂತು."

ಮೂರು ವಾರದ ಗಂಟು ಬಿಚ್ಚಿತ್ತು. ಚೀಟಿ ಬರೆದವರು ಎದುರಿಗಿದ್ದರು, ಟೀಚರಿನ ಶತ್ರು ಅವರಲ್ಲ. ಗಂಡನಿಗೆ ಗೊತ್ತಿರುವುದು ಪುಸ್ತಕದ ಜಾಡು ಮಾತ್ರ, ಮತ್ತು ಆ ಜಾಡು ಈ ಖಾಲಿ ಬಲೆಗೆ ಬಂದು ನಿಲ್ಲುತ್ತದೆ. ತಂಗಿಗೆ ಹೇಳಿ ಆ ಹನ್ನೆರಡು ಸಂಪುಟಗಳನ್ನು ತೆರೆದ ಡೇಟಾದಿಂದ ಇವತ್ತೇ ತೆಗೆಸಿದರೆ ಮುಗಿಯಿತು. ಗುರುತಮ್ಮನಿಗೆ ಹಾಯೆನಿಸಿತು. ಆಮೇಲೆ ಒಂದು ಸಣ್ಣ ವಿಷಯ ನೆನಪಾಯಿತು.

"ಆಗಲೇ ನಿಮ್ಮ ಫೋನ್ ಸದ್ದು ಮಾಡ್ತಲ್ಲ. ಏನದು?"

"ಗೊತ್ತಾಗ್ಲಿಲ್ಲ. ಭೂತಗನ್ನಡಿ ಮನೇಲೇ ಉಳೀತು. ನೀವೇ ಓದಿ."

ಗುರುತಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

"ಹತ್ತನೇ ಸಂಪುಟ ಬಂದಿದೆ. ನೀರಿನ ಟ್ಯಾಂಕ್ ಶಾಖೆ. ಕಾದಿರಿಸಿದೆ. ಹತ್ತು ಗಂಟೆ ನಲವತ್ತು ನಿಮಿಷ. ನೋಡುತ್ತಿರುವವರು: ಇಬ್ಬರು."

ನೀರಿನ ಟ್ಯಾಂಕ್ ಶಾಖೆ ಗುರುತಮ್ಮನ ಮನೆಯ ಎದುರಿಗೇ ಇತ್ತು, ನಡುವೆ ಒಂದು ರಸ್ತೆ ಅಷ್ಟೆ.

ಯಾರು ಕಳಿಸಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಒಂಬತ್ತನೇದನ್ನು ಚೀಲದಲ್ಲಿಟ್ಟು ತಂದುಕೊಟ್ಟಾಗ ಸರದಿಯಣ್ಣ ಟೀಚರಿನ ಮುಖ ನೋಡಿದ್ದ. ತೆಳು ಪುಸ್ತಕ, ನಾಲ್ಕು ದಿನ, ಹೊರಗೆ ಹೋಗುವಂತಿಲ್ಲ, ಮುಗಿದೇ ಇರುತ್ತದೆ ಎಂದು ಲೆಕ್ಕ ಹಾಕಿರುತ್ತಾನೆ. ಬಾಯಿ ಬಿಡಬೇಡ ಎಂದಿದ್ದರು, ಅವನು ಬಿಟ್ಟಿರಲಿಲ್ಲ. ಪುಸ್ತಕ ಕಳಿಸಬೇಡ ಎಂದು ಯಾರೂ ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ.

"ಯಜಮಾನ್ರೇ, ನಿಮ್ಮ ಮಗ ಏನು ಕೆಲಸ ಮಾಡ್ತಾನೆ?"

"ಸಾಮಾನು ಸಾಗಿಸ್ತಾನೆ. ಸ್ವಂತ ವ್ಯಾನಿದೆ."

"ಅದರ ಗುರುತು ಹೇಳಿ."

ಮುದುಕರು ಅವಳ ಮುಖ ನೋಡಿದರು.

"ಮುಂದಿನ ಒಂದು ದೀಪ ಒಡೆದಿದೆ. ಟೇಪು ಹಚ್ಚಿದ್ದು ನಾನೇ. ಸೊಟ್ಟಗೆ ಹಚ್ಚಿದೆ ಅಂತ ಬೈದ."

ಗುರುತಮ್ಮ ಕಿಟಕಿಯ ಕಡೆ ನೋಡಲಿಲ್ಲ. ಇಸ್ತ್ರಿ ಅಂಗಡಿಯ ಮುಂದೆ ಏನಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ ಬಾಕಿ ಇತ್ತು. ಇಲ್ಲಿಂದ ನೀರಿನ ಟ್ಯಾಂಕಿಗೆ ಗಾಡಿಯಲ್ಲಿ ಕಾಲು ಗಂಟೆಯ ದಾರಿ.

ಮನೆಗೆ ಫೋನು ಮಾಡಿದಳು. ಮಗಳು ಎತ್ತಿದಳು.

"ಅಮ್ಮ, ನೀನು ಇನ್ನೂ ಅಲ್ಲೇ ಇದ್ದೀಯಾ? ಅಡುಗೆ ಆಯ್ತು."

"ಟೀಚರ್ ಎಲ್ಲಿ?"

"ಎದುರಿನ ಲೈಬ್ರರಿಗೆ ಹೋದ್ರು. ಅಲ್ಲಿಂದ ಅವರ ಮೊಬೈಲಿಗೆ ಫೋನ್ ಬಂದಿತ್ತು, ನಿಮ್ಮ ಮುಂದಿನ ಪುಸ್ತಕ ಬಂದಿದೆ ಅಂತ. ಬೇಡ ಅಂದೆ. ಲೈಬ್ರರಿಯವರೇ ಕರೆದಿದ್ದಾರಲ್ಲ, ನಿಮ್ಮಮ್ಮನೇ ಹೇಳಿ ಕಳಿಸಿರ್ಬೇಕು ಅಂದ್ರು. ನಾಲ್ಕು ದಿನದಲ್ಲಿ ಮೊದಲನೇ ಸಲ ನಗ್ತಾ ಇದ್ರು ಅಮ್ಮ, ತಡೆಯೋಕೆ ಮನಸ್ಸು ಬರ್ಲಿಲ್ಲ."

"ಕಿಟಕಿ ಹತ್ರ ಹೋಗು. ಕಾಣಿಸ್ತಾರಾ?"

ಹೆಜ್ಜೆಯ ಸದ್ದು. ಪರದೆಯ ಉಂಗುರಗಳು ಸರಿದ ಸದ್ದು.

"ಹೂಂ, ಅಗೋ. ಪುಸ್ತಕ ಸಿಕ್ಕಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಓದೋಕೆ ಶುರು ಮಾಡಿದ್ದಾರೆ, ಮನೆವರೆಗೂ ತಾಳ್ಮೆ ಇಲ್ಲ."

"ಕೂಗು. ಹೆಸರು ಹಿಡಿದು ಕೂಗು. ಒಳಗೆ ಓಡೋಕೆ ಹೇಳು."

"ಯಾಕಮ್ಮ, ಏನಾಯ್ತು..." ಮಗಳ ಮಾತು ತಡೆಯಿತು. "ತಾಳು. ಒಂದು ವ್ಯಾನ್ ಬಂತು."

ಮುದುಕರು ಎದ್ದು ನಿಂತಿದ್ದರು. ಗುರುತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಬಾಗಿಲ ಕಡೆ ಓಡತೊಡಗಿದ್ದಳು. ಕಾಲು ಗಂಟೆಯ ದಾರಿ ಎಂಬುದು ಅವಳಿಗೂ ಗೊತ್ತಿತ್ತು.

"ಎಲ್ಲಿ ನಿಲ್ತು? ಮಗಳೇ, ಎಲ್ಲಿ ನಿಲ್ತು?"

"ಮೆಟ್ಟಿಲ ಮುಂದೇನೇ. ಅಡ್ಡ ನಿಂತ್ಬಿಟ್ಟಿದೆ ಅಮ್ಮ. ನನಗೆ ಈಗ ಟೀಚರ್ ಕಾಣಿಸ್ತಿಲ್ಲ."